ಗೋಡೆಯ ಮೇಲಿನ ಮೀನಿಗೆ ಮೀನು ಬೇಕೇ?

1922ರ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆಯ ಗಾಳಕ್ಕೆ 64 ಪೌಂಡಿನ, ಅಂದರೆ ಸುಮಾರು 29 ಕಿಲೋ ತೂಕದ ಸಾಲ್ಮನ್ ಬಿತ್ತು. ದೋಣಿಯಲ್ಲಿ ಅಪ್ಪ ಜೊತೆಗಿದ್ದರು. ಎಳೆದಾಟ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳ ಬ್ರಿಟಿಷ್ ದಾಖಲೆಯಾಗಿ ಅದು ಇಂದಿಗೂ ನಿಂತಿದೆ. ಮೀನು ಪರ್ತ್ ಪಟ್ಟಣದ ಆಸ್ಪತ್ರೆಗೆ ಹೋಗಿ ಅಲ್ಲಿನವರ ಊಟವಾಯಿತು. ಅದಕ್ಕೆ ಮೊದಲು ಅಚ್ಚು ತೆಗೆದು ಒಂದು ಪ್ರತಿಕೃತಿ ಮಾಡಿಟ್ಟುಕೊಂಡಿದ್ದರು. ನೂರು ವರ್ಷಗಳಿಂದ ಜನ ನೋಡುತ್ತ ಬಂದಿರುವುದು ಆ ಅಚ್ಚಿನ ಮೀನನ್ನೇ. ಅದನ್ನು ನಕಲಿ ಎಂದು ಮೂಗು ಮುರಿಯುವವರು ಸಿಗುವುದು ಕಷ್ಟ. ಬ್ಯಾಲಂಟೈನ್ ಮೀನು ಎಂದರೆ ಅದೇ.

ಆದರೆ ಇಂದು ಅಮೆರಿಕದ ಗಾಳಗಾರನೊಬ್ಬ ತಾನು ಹಿಡಿದ ದೊಡ್ಡ ಮೀನನ್ನು ನೀರಿಗೇ ಬಿಟ್ಟು, ಅದರ ಅಳತೆ ಕೊಟ್ಟು, ಫೈಬರ್‌ಗ್ಲಾಸಿನಲ್ಲಿ ಅಂಥದೇ ಒಂದನ್ನು ಮಾಡಿಸಿ ಗೋಡೆಗೆ ಹಾಕಿದರೆ, ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆ: "ಇದು ನಿಜವಾದದ್ದೋ?" ಮೀನಿನ ಒಂದು ಹುರುಪೆಯೂ ಇಲ್ಲದ ಆ ವಸ್ತುವಿಗೆ ಮೀನು ಹಿಡಿದ ಹೆಮ್ಮೆಯನ್ನು ಹೊರುವ ಹಕ್ಕಿದೆಯೇ? ಇದೆ ಎಂಬುದು ನನ್ನ ವಾದ. ಆದರೆ ಆ ಹಕ್ಕು ಪುಕ್ಕಟೆಯಾಗಿ ಬರುವುದಿಲ್ಲ.

ಮೊದಲು 'ನಿಜವಾದದ್ದು' ಎಷ್ಟು ನಿಜ ಎಂದು ನೋಡೋಣ. ಹುಲಿ, ಜಿಂಕೆಗಳಿಗಾದರೆ ಕೂದಲಿದೆ. ಚರ್ಮ ಹದ ಮಾಡಿದ ಮೇಲೂ ಬಣ್ಣ ಬಹುಮಟ್ಟಿಗೆ ಅವುಗಳದ್ದೇ. ಮೀನಿನ ಬಣ್ಣ ಇರುವುದು ಜೀವಂತ ಕೋಶಗಳಲ್ಲಿ. ಉಸಿರು ನಿಂತ ಸ್ವಲ್ಪ ಹೊತ್ತಿಗೆಲ್ಲ ಅದು ಮಾಸತೊಡಗುತ್ತದೆ, ಒಣಗಿದ ಚರ್ಮ ಕಂದು-ಬೂದಿಗೆ ತಿರುಗುತ್ತದೆ. ಆದ್ದರಿಂದ ಚರ್ಮ ಸುಲಿದು, ಒಳಗೆ ಫೋಮಿನ ಆಕಾರ ತುಂಬಿ, ಒಣಗಿಸಿ ಮಾಡಿದ 'ಅಸಲಿ' ಮೀನಿನ ಮೇಲೂ ಕಾಣುವುದೆಲ್ಲ ಕುಶಲಕರ್ಮಿಯ ಏರ್‌ಬ್ರಷ್ ಬಣ್ಣ. ಕಣ್ಣು ಗಾಜಿನದು. ಟ್ರೌಟ್, ಸಾಲ್ಮನ್‌ಗಳ ತಲೆಯಲ್ಲಿ ಎಣ್ಣೆಯಂಶ ಹೆಚ್ಚು, ಒಣಗಿದಾಗ ಸುಕ್ಕುಗಟ್ಟುತ್ತದೆ. ಹಾಗಾಗಿ ಎಷ್ಟೋ ಸಲ ತಲೆಯನ್ನೂ ಅಚ್ಚಿನಲ್ಲಿ ಎರಕ ಹೊಯ್ದು ಜೋಡಿಸುತ್ತಾರೆ. ವರ್ಷಗಳು ಕಳೆದಂತೆ ಉಳಿದ ಎಣ್ಣೆ ಜಿನುಗಿ ಬಣ್ಣ ಹಳದಿಗಟ್ಟುವುದೂ ಉಂಟು. ಒಟ್ಟಿನಲ್ಲಿ ಆ ಗೋಡೆಯ ಮೇಲೆ ಮೀನಿನದೆಂದು ಉಳಿದದ್ದು ಬಣ್ಣದಡಿಯ ತೆಳು ಚರ್ಮ, ಮತ್ತೆ ರೆಕ್ಕೆಗಳು. ಅಷ್ಟಕ್ಕಾಗಿ ಒಂದು ಮೀನನ್ನು ಕೊಲ್ಲಬೇಕೇ?

ಪ್ರತಿಕೃತಿ ಮಾಡುವವರ ಹತ್ತಿರ ಬೇರೆ ಬೇರೆ ಜಾತಿಯ, ಬೇರೆ ಬೇರೆ ಅಳತೆಯ ಅಚ್ಚುಗಳಿರುತ್ತವೆ. ಅವೂ ಒಂದಾನೊಂದು ಕಾಲದಲ್ಲಿ ನಿಜವಾದ ಮೀನುಗಳ ಮೇಲೆ ತೆಗೆದವೇ, ಅದನ್ನು ಮರೆಯಬಾರದು. ಗಿರಾಕಿ ಕೊಟ್ಟ ಉದ್ದ, ಸುತ್ತಳತೆಗೆ ಹತ್ತಿರದ ಅಚ್ಚು ಆರಿಸಿ, ರಾಳ ಮತ್ತು ಗಾಜಿನ ನಾರನ್ನು ಪದರಪದರವಾಗಿ ಹಾಕಿ ಎರಡು ಹೋಳು ಮಾಡಿ ಕೂಡಿಸುತ್ತಾರೆ. ಫೋಟೋ ಪಕ್ಕಕ್ಕಿಟ್ಟುಕೊಂಡು ಬಣ್ಣ ಬಳಿಯುತ್ತಾರೆ. ಕೂಲಿ ಸಾಮಾನ್ಯವಾಗಿ ಇಂಚಿಗೆ ಇಷ್ಟೆಂದು. ಫೋಟೋದಲ್ಲಿ ಬಾಲದ ಹತ್ತಿರ ಹರಿದ ರೆಕ್ಕೆಯೊಂದು ಕಂಡರೆ ಒಳ್ಳೆಯ ಕೆಲಸಗಾರ ಅದನ್ನೂ ಹರಿದೇ ತೋರಿಸುತ್ತಾನೆ. ಬೇಡ, ಸರಿ ಮಾಡಿಬಿಡಿ ಎನ್ನುವ ಗಿರಾಕಿಗಳೂ ಇರುತ್ತಾರೆ. ಪ್ರತಿಕೃತಿಯ ಸತ್ಯಾಸತ್ಯ ತೀರ್ಮಾನವಾಗುವುದು ಅಲ್ಲೇ.

ಯಾಕೆಂದರೆ ಇಲ್ಲಿ ಮೀನಿನ ಬದಲಿಗೆ ಸಾಕ್ಷಿ ನುಡಿಯುವುದು ಟೇಪು. ಗಾಳಗಾರರು ಬಳಸುವ ಒಂದು ಹಳೆಯ ಲೆಕ್ಕವಿದೆ: ಇಂಚಿನಲ್ಲಿ ಉದ್ದವನ್ನು ಸುತ್ತಳತೆಯ ವರ್ಗದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. 40 ಇಂಚು ಉದ್ದ, 24 ಇಂಚು ಸುತ್ತಳತೆಯ ಮೀನು 28.8 ಪೌಂಡ್. ಸುತ್ತಳತೆ 25 ಎಂದುಬಿಟ್ಟರೆ 31.25. ಒಂದು ಇಂಚು ಟೇಪು ಸಡಿಲ ಬಿಟ್ಟದ್ದಕ್ಕೆ ಸುಮಾರು ಎರಡೂವರೆ ಪೌಂಡ್ ಲಾಭ! 'ಮೂವತ್ತು ಪೌಂಡಿನವನು' ಎಂಬ ಬಿರುದೂ ಜೊತೆಗೆ ಬಂತು. ಚರ್ಮದ ಮೀನು ಈ ಸುಳ್ಳಿಗೆ ಸ್ವಲ್ಪವಾದರೂ ಅಡ್ಡ ನಿಲ್ಲುತ್ತಿತ್ತು. ಫೈಬರ್ ಎಷ್ಟು ಹೇಳಿದರೆ ಅಷ್ಟು ಊದಿಕೊಳ್ಳುತ್ತದೆ. ಪ್ರತಿಕೃತಿಯನ್ನು ಆಕ್ಷೇಪಿಸುವವರ ಅತಿ ಗಟ್ಟಿ ವಾದ ಇದೇ, ಮತ್ತು ಅದನ್ನು ತಳ್ಳಿಹಾಕುವಂತಿಲ್ಲ.

ಆದರೂ ಮೀನುಗಾರಿಕೆಯಲ್ಲಿ ಮಾತು ಸಾಕ್ಷಿಯಾಗಿ ನಿಂತದ್ದು ಹೊಸತೇನಲ್ಲ. ಅಮೆರಿಕನ್ನರು ಪ್ರಾಣ ಬಿಡುವ ಲಾರ್ಜ್‌ಮೌತ್ ಬಾಸ್ ಮೀನಿನ ವಿಶ್ವದಾಖಲೆ ಜಾರ್ಜಿಯಾದ ಜಾರ್ಜ್ ಪೆರಿಯದು: 1932ರ ಜೂನ್‌ನಲ್ಲಿ, 22 ಪೌಂಡ್ 4 ಔನ್ಸ್. ಅದನ್ನು ತೂಗಿದ್ದು ಅಂಚೆ ಕಚೇರಿಯ ತಕ್ಕಡಿಯಲ್ಲಿ. ಆರ್ಥಿಕ ಕುಸಿತದ ಕಾಲ; ಮನೆಯವರು ಮೀನನ್ನು ತಿಂದು ಮುಗಿಸಿದರು. ಚರ್ಮವೂ ಇಲ್ಲ, ಅಚ್ಚೂ ಇಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬರು ಸರಿಗಟ್ಟುವ ತನಕ ಆ ದಾಖಲೆ ಒಂಟಿಯಾಗಿ, ಸಾಕ್ಷಿದಾರರ ಮಾತಿನ ಮೇಲೇ ನಿಂತಿತ್ತು. ಮಾತಿನ ಮೇಲೆ ಅಷ್ಟು ದೊಡ್ಡ ದಾಖಲೆ ನಿಲ್ಲಬಹುದಾದರೆ, ಹಜಾರದ ಗೋಡೆಯ ಒಂದು ಮೀನು ನಿಲ್ಲಲಾರದೇ?

ಇನ್ನು ಲಾಭದ ಲೆಕ್ಕ. ಗೋಡೆಗೇರುವ ಯೋಗ್ಯತೆಯ ಬಾಸ್‌ಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. ದೊಡ್ಡ ಹೆಣ್ಣು ಇಡುವ ಮೊಟ್ಟೆಗಳ ಸಂಖ್ಯೆಯೂ ದೊಡ್ಡದು. ಅತಿ ದೊಡ್ಡದನ್ನೇ ಆರಿಸಿ ಕೊಲ್ಲುವುದೆಂದರೆ ಬಿತ್ತನೆಗೆ ಇಟ್ಟ ಕಾಳನ್ನೇ ಒರಳಿಗೆ ಹಾಕಿದಂತೆ. ಟೆಕ್ಸಾಸ್ ರಾಜ್ಯ ಇದನ್ನು ಜಾಣತನದಿಂದ ನಿಭಾಯಿಸಿದೆ. 1986ರಿಂದ ಅಲ್ಲಿ ಷೇರ್‌ಲಂಕರ್ ಎಂಬ ಯೋಜನೆ ನಡೆಯುತ್ತಿದೆ. 13 ಪೌಂಡ್ ಅಥವಾ ಅದಕ್ಕಿಂತ ದೊಡ್ಡ ಬಾಸ್ ಹಿಡಿದವರು ಮೊಟ್ಟೆಯಿಡುವ ಕಾಲದಲ್ಲಿ ಅದನ್ನು ಜೀವಂತವಾಗಿ ಸರ್ಕಾರಿ ಮರಿ ಕೇಂದ್ರಕ್ಕೆ ಸಾಲ ಕೊಡಬಹುದು. ಅದಕ್ಕೆ ಪ್ರತಿಯಾಗಿ ಸರ್ಕಾರ ಕೊಡುವುದರಲ್ಲಿ ಒಂದು, ಆ ಮೀನಿನ ಪ್ರತಿಕೃತಿ, ಉಚಿತವಾಗಿ. ಮನುಷ್ಯನ ಹೆಮ್ಮೆಯನ್ನು ಉಪದೇಶ ಮಾಡಿ ಓಡಿಸಲಾಗದು, ಅದಕ್ಕೆ ಅಗ್ಗದ ಊಟ ಹಾಕಿ ಸುಮ್ಮನಿರಿಸಬಹುದು ಎಂದು ಆ ಇಲಾಖೆಗೆ ಗೊತ್ತಿದೆ.

ಆದರೆ ಬಿಟ್ಟುಬಿಟ್ಟೆ ಎಂದ ಮಾತ್ರಕ್ಕೆ ಕೈ ತೊಳೆದುಕೊಂಡಂತಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹಿಂದೆ ಘೇಂಡಾಮೃಗಕ್ಕೆ ಅರಿವಳಿಕೆಯ ಮದ್ದು ಹಾರಿಸಿ ಕೆಡವಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಕೊಂಬಿನ ಫೈಬರ್ ಪ್ರತಿಕೃತಿ ಒಯ್ಯುವ 'ಹಸಿರು ಬೇಟೆ' ನಡೆಯುತ್ತಿತ್ತು. ಕೊಲ್ಲಲಿಲ್ಲ, ನಿಜ. ಆದರೆ ಕೊಲ್ಲದ ಬೇಟೆಗೆ ಕೊನೆಯೇ ಇಲ್ಲ. ಒಂದೇ ಪ್ರಾಣಿಯನ್ನು ಮತ್ತೆ ಮತ್ತೆ ಕೆಡವಬಹುದು. ಮೀನಿಗೂ ಅದೇ ಗತಿ. ಅದರಲ್ಲೂ ಪ್ರತಿಕೃತಿ ಬೇಕೆಂದವನು ಉದ್ದ ಅಳೆಯಬೇಕು, ಸುತ್ತಳತೆ ಹಿಡಿಯಬೇಕು, ಎರಡೂ ಬದಿಯ ಫೋಟೋ ತೆಗೆಯಬೇಕು. ಅಷ್ಟು ಹೊತ್ತೂ, ಸೆಣಸಿ ಸುಸ್ತಾದ ಮೀನು ಗಾಳಿಯಲ್ಲಿ ಬಾಯಿ ಬಿಡುತ್ತಿರುತ್ತದೆ. ಒಣಗೈಯಲ್ಲಿ ಹಿಡಿದರೆ ಮೈಯ ಲೋಳೆ ಕಿತ್ತುಬಂದು ಸೋಂಕಿಗೆ ದಾರಿಯಾಗುತ್ತದೆ. ಭಾರದ ಮೀನನ್ನು ದವಡೆ ಹಿಡಿದು ನೇತಾಡಿಸಿದರೆ ಒಳಗೆ ಪೆಟ್ಟಾಗುತ್ತದೆ. ಪ್ರತಿಕೃತಿ ಎಷ್ಟು ಕರಾರುವಾಕ್ಕಾಗಬೇಕೋ ಅಷ್ಟು ಮೀನಿಗೆ ಸಂಕಟ. ಈ ಗಂಟನ್ನು ಬಿಡಿಸುವ ದಾರಿ ಒಂದೇ: ಬಲೆಯಲ್ಲೇ, ನೀರೊಳಗೇ ಇಟ್ಟು, ಕೈ ಒದ್ದೆ ಮಾಡಿಕೊಂಡು ಉದ್ದವೊಂದನ್ನು ಅಳೆಯುವುದು, ಒಂದು ಚಿತ್ರ ತೆಗೆಯುವುದು, ಸುತ್ತಳತೆ ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಪ್ರತಿಕೃತಿ ಅಷ್ಟರ ಮಟ್ಟಿಗೆ ಅಂದಾಜೇ ಆಗಿರಲಿ.

ನಮ್ಮ ಸೀಮೆಯಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ. ಹುಲಿ ಚಿರತೆಗಳನ್ನು ಹದ ಮಾಡಿಕೊಡುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ನಮ್ಮ ಹೊಳೆದಂಡೆಯವರ ಬಿಳಿಮೀನು ಅದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಲಿಯ ತಲೆ ಹದ ಮಾಡುವ ಕೆಲಸ ಇಳಿಮುಖವಾಯಿತು. ಮೀನಿಗೆ ಮಾತ್ರ ಹಿಡಿದು ಬಿಡುವ ಅವಕಾಶ ಉಳಿಯಿತು. ಕಾವೇರಿ ದಂಡೆಯ ಅಭಯಾರಣ್ಯದೊಳಗಿನ ಗಲಿಬೋರೆ, ಭೀಮೇಶ್ವರಿ ಶಿಬಿರಗಳಲ್ಲಿ ದೇಶವಿದೇಶದ ಗಾಳಗಾರರು ಹಿಡಿದದ್ದನ್ನು ಪುಸ್ತಕದಲ್ಲಿ ಬರೆದಿಟ್ಟು ನೀರಿಗೆ ಬಿಡುತ್ತಿದ್ದರು. ಆಮೇಲೆ ಅಭಯಾರಣ್ಯದೊಳಗೆ ಗಾಳವೇ ಕೂಡದೆಂದಾಯಿತು.

ಗಲಿಬೋರೆಯ ಆ ಪುಸ್ತಕಗಳು ಮುಂದೆ ವಿಜ್ಞಾನಿಗಳ ಕೈಗೆ ಬಂದವು. 1998ರಿಂದ 2012ರವರೆಗಿನ ಲೆಕ್ಕದಲ್ಲಿ ಸಿಕ್ಕುವ ಮಹಶೀರ್‌ಗಳ ಸಂಖ್ಯೆ ಏರಿತ್ತು, ಗಾತ್ರ ಇಳಿದಿತ್ತು. ಕಾವೇರಿಯ ಸ್ವಂತ ಡುಬ್ಬದ ಮಹಶೀರ್ ಕಾಣೆಯಾಗುತ್ತ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಜಾತಿ ಆ ಜಾಗ ತುಂಬುತ್ತಿತ್ತು. 2018ರಲ್ಲಿ ಡುಬ್ಬದ ಮಹಶೀರ್ ಟಾರ್ ರೆಮಾದೇವಿ ಎಂಬ ಜಾತಿಯೆಂದು ಖಚಿತವಾಯಿತು. ಅದೇ ವರ್ಷ ಅಳಿವಿನ ತೀವ್ರ ಅಂಚಿನಲ್ಲಿರುವ ಪಟ್ಟಿಗೂ ಸೇರಿತು. ಹಿಡಿದು ಬಿಟ್ಟವರು ಅದನ್ನು ಉಳಿಸಲಾಗಲಿಲ್ಲ. ಸಿಡಿಮದ್ದು, ಅಣೆಕಟ್ಟು, ಮರಳು ತೆಗೆಯುವವರು, ಪರಜಾತಿಯ ಮರಿಗಳು, ಇವನ್ನೆಲ್ಲ ಒಂದು ಗಾಳದ ಶಿಸ್ತು ತಡೆಯುವಂತಿಲ್ಲ. ಆದರೆ ಹೋಗುತ್ತಿರುವುದು ಯಾವುದು ಎಂದು ಲೋಕಕ್ಕೆ ತಿಳಿದದ್ದು ಅವರು ಬರೆದಿಟ್ಟ ಅಂಕಿಗಳಿಂದ. ಗೋಡೆಯ ಮೇಲೆ ಎಷ್ಟು ಮೀನಿದ್ದರೂ ಆ ಕೆಲಸ ಆಗುತ್ತಿರಲಿಲ್ಲ.

ಆದ್ದರಿಂದ ಪ್ರತಿಕೃತಿ ಮಾಡಿಸುವವರು ಮಾಡಿಸಲಿ, ನನ್ನ ತಕರಾರಿಲ್ಲ. ಆದರೆ ಅದರ ಕೆಳಗೆ ಹಾಕುವ ಹಿತ್ತಾಳೆ ಫಲಕದಲ್ಲಿ ಸೂತ್ರದಿಂದ ಹುಟ್ಟಿಸಿದ ತೂಕ ಬೇಡ. ಅಳೆದ ಉದ್ದ, ಹೊಳೆಯ ಹೆಸರು, ತಾರೀಖು, ಜಾತಿ, 'ಬಿಡಲಾಯಿತು' ಎಂಬ ಮಾತು ಇರಲಿ. ಸುತ್ತಳತೆ ಅಂದಾಜಿನದಾದರೆ ಅಂದಾಜು ಎಂದೇ ಬರೆಯಲಿ. ಅದೇ ವಿವರದ ಇನ್ನೊಂದು ಪ್ರತಿ ಆ ಹೊಳೆಯ ಮೀನಿನ ಲೆಕ್ಕ ಇಡುವವರ ಕೈಗೂ ಸೇರಲಿ.