ಜೋಕು ಸರಿ ಇತ್ತು, ಊರು ಸೂತಕದಲ್ಲಿತ್ತು

ಡೇವ್ ಬ್ಯಾರಿ ಅಮೆರಿಕದ ಮಯಾಮಿ ಹೆರಾಲ್ಡ್ ಪತ್ರಿಕೆಯಲ್ಲಿ ನಗೆ ಅಂಕಣ ಬರೆಯುತ್ತಿದ್ದವರು. 1988ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಅವರ ಮೊದಲ ಕಾದಂಬರಿ ‘ಬಿಗ್ ಟ್ರಬಲ್’ 1999ರದ್ದು. ಅದನ್ನು ಬ್ಯಾರಿ ಸೋನೆನ್‌ಫೆಲ್ಡ್ ಸಿನಿಮಾ ಮಾಡಿದರು. ಇಬ್ಬರು ಪೆದ್ದ ಕಳ್ಳರ ಕೈಗೆ ಒಂದು ಸೂಟ್‌ಕೇಸ್ ಸಿಗುತ್ತೆ. ಒಳಗಿರೋದು ಅಣುಬಾಂಬು ಅಂತ ಅವರಿಗೇ ಗೊತ್ತಿಲ್ಲ. ಏರ್‌ಪೋರ್ಟ್ ತಪಾಸಣೆ ದಾಟಿ ವಿಮಾನ ಹತ್ತಿಬಿಡ್ತಾರೆ!

ಈ ಸಿನಿಮಾ 2001ರ ಸೆಪ್ಟೆಂಬರ್ 21ಕ್ಕೆ ತೆರೆಗೆ ಬರಬೇಕಿತ್ತು. ಹತ್ತೇ ದಿನ ಮೊದಲು ಉಗ್ರರು ವಿಮಾನ ಅಪಹರಿಸಿ ನ್ಯೂಯಾರ್ಕ್‌ನ ಅವಳಿ ಗೋಪುರ ಉರುಳಿಸಿದರು. ಚಿತ್ರ 2002ರ ಏಪ್ರಿಲ್‌ಗೆ ಹೋಯಿತು. ಸುಮಾರು 4 ಕೋಟಿ ಡಾಲರ್ ಹಾಕಿದ್ದಕ್ಕೆ 1 ಕೋಟಿಯೂ ವಾಪಸ್ ಬರಲಿಲ್ಲ. ವಿಮರ್ಶೆಗಳೂ ಕೈ ಹಿಡಿಯಲಿಲ್ಲ.

ಟೈಮು ಕೆಟ್ಟಿತ್ತು ಅಂತಾರೆ. ನಿಜ, ಸೂತಕದ ಮನೆ ಮುಂದೆ ಜೋಕು ಹೇಳಿದರೆ ಯಾರು ನಗ್ತಾರೆ? ಆದರೆ ನನ್ನ ಪ್ರಕಾರ ಅದು ಅರ್ಧ ಕಾರಣ ಮಾತ್ರ. ಕಾದಂಬರಿಯಲ್ಲಿ ಪೆದ್ದರಿಗೂ ಒಂದು ಬದುಕಿದೆ. ಒಂದೂವರೆ ಗಂಟೆಯೂ ಇಲ್ಲದ ಸಿನಿಮಾದಲ್ಲಿ ಎಲ್ಲರೂ ಬಸ್ ತಪ್ಪಿದವರ ಹಾಗೆ ಓಡ್ತಾರೆ.

ಇನ್ನೊಂದು ಮಾತು. ಆ ಜೋಕು ಇದ್ದದ್ದು ಸತ್ತವರ ಮೇಲಲ್ಲ, ತೂಕಡಿಸೋ ತಪಾಸಣೆ ಮೇಲೆ. ಅಂದರೆ ನಗೆ ಬರಹಗಾರನೊಬ್ಬ ಎರಡು ವರ್ಷ ಮೊದಲೇ ಆ ಹುಳುಕಿನ ಕಡೆ ಬೆರಳು ತೋರಿಸಿದ್ದ. ಸುದ್ದಿ ಬರೆಯೋ ನಮಗೆ, ಓದೋ ನಿಮಗೆ, ಇದರಲ್ಲಿ ಪಾಠ ಇದೆ. ನಗೆಬರಹ ಅಂದರೆ ಬರೀ ಟೈಂಪಾಸ್ ಅಂತ ತಳ್ಳಬೇಡಿ. ನಕ್ಕಾದ ಮೇಲೆ, ಬೆರಳು ಯಾರ ಕಡೆ ಇದೆ ಅಂತಲೂ ಒಮ್ಮೆ ನೋಡಿ.