ನೀರಿನ ಕೊರತೆಯೂ ಮೇವಿನ ಬೆಳೆಯೂ

ರಾಮದುರ್ಗ ತಾಲೂಕಿನಲ್ಲಿ ಮಳೆಯು ಸ್ವಲ್ಪವೂ ಅನಿಶ್ಚಿತವೂ ಆಗಿರುವುದು. ಮಲಪ್ರಭೆಗೆ ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಅಣೆಕಟ್ಟು ಇದ್ದರೂ, ಜಲಾಶಯವು ತುಂಬದ ವರ್ಷ ನೀರು ಸಾಲದಾಗುವುದು. ಅಂಥ ವರ್ಷದಲ್ಲಿ ನೀರನ್ನೆಲ್ಲ ಕಬ್ಬಿಗೆ ಹಾಯಿಸಿ, ಮಿಕ್ಕುದನ್ನು ಮೇವಿನ ಮಡಿಗಳೆಲ್ಲಕ್ಕೂ ಅಷ್ಟಷ್ಟೇ ಹಂಚುವುದು ಲೇಸಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಇಂಥ ಕಾಲದಲ್ಲಿ ನೆರೆಯ ಸೀಮೆಯ ಮೇವನ್ನು ನೆಚ್ಚಿ ಕುಳಿತಿರಲಾಗದು.

ನೀರು ಸಾಲದಾದಾಗ ಪೈರು ಎಲೆಗಳಲ್ಲಿಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಂಡು ತೇವವನ್ನು ಕಾಯ್ದುಕೊಳ್ಳುವುದು. ಆದರೆ ಆಹಾರ ತಯಾರಿಕೆಗೆ ಬೇಕಾದ ಇಂಗಾಲಾಮ್ಲವಾಯುವೂ ಆ ದ್ವಾರದಿಂದಲೇ ಒಳಸೇರತಕ್ಕದ್ದಾದುದರಿಂದ ಬೆಳವಣಿಗೆಯು ಕುಂಠಿತವಾಗುವುದು. ಎಲೆಯು ಅಗಲವಾಗದು, ದಂಟು ನೀಳವಾಗದು, ಮೇವಿನ ತೂಕವು ಇಳಿಯುವುದು.

ಎಲ್ಲ ಬೆಳೆಗಳೂ ಈ ಕಷ್ಟವನ್ನು ಸಮನಾಗಿ ಸಹಿಸಲಾರವು. ಜೋಳವು ಎಲೆಯನ್ನು ಸುರುಳಿಸುತ್ತಿ ಸ್ತಬ್ಧವಾಗಿ ನಿಂತು, ನೀರು ದೊರೆತೊಡನೆ ಮರಳಿ ಬೆಳೆಯಬಲ್ಲದು. ಗೋವಿನಜೋಳಕ್ಕೆ ಆ ಸಹನೆಯಿಲ್ಲ. ಸೂಲಂಗಿ ಹೊರಡುವ ವೇಳೆಯಲ್ಲಿ ನೀರು ತಪ್ಪಿದರೆ ತೆನೆಯ ನಷ್ಟವು ತುಂಬಿಬಾರದು. ಕುದುರೆ ಮಸಾಲೆಯು ಆಳವಾದ ಬೇರಿನಿಂದ ಜೀವ ಹಿಡಿದಿರುವುದಾದರೂ ಕೊಯ್ಲಿನ ತೂಕವು ಕಡಿಮೆಯಾಗುವುದು.

ಇನ್ನೊಂದು ಅಪಾಯವುಂಟು. ನೀರಿಲ್ಲದೆ ಬಾಡಿದ ಎಳೆಯ ಜೋಳದಲ್ಲಿಯೂ, ಕೊಯ್ದ ಬುಡದಿಂದ ಹೊಸದಾಗಿ ಒಡೆದ ಚಿಗುರಿನಲ್ಲಿಯೂ ಸಯನೈಡ್ ವಿಷವನ್ನು ಹುಟ್ಟಿಸುವ ದ್ರವ್ಯವು ಹೆಚ್ಚುವುದು. ಹಸಿದ ದನವು ಅದನ್ನು ಮೇದರೆ ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು. ಬೆಳೆ ಒಣಗುವುದೆಂದು ಅವಸರದಿಂದ ದನಗಳನ್ನು ಅಂಥ ಹೊಲಕ್ಕೆ ಬಿಡಬಾರದು. ಹೂ ಬಂದ ಮೇಲೆ ಕೊಯ್ಯುವುದೂ, ಚೆನ್ನಾಗಿ ಒಣಗಿಸಿ ಹಾಕುವುದೂ ಕ್ಷೇಮಕರವು.

ಆದುದರಿಂದ ನೀರು ಕಡಿಮೆಯೆಂದು ತಿಳಿದೊಡನೆ ಮೇವಿನ ಕ್ಷೇತ್ರವನ್ನು ಕಿರಿದುಮಾಡಿ, ಆ ಕಿರಿದು ಕ್ಷೇತ್ರಕ್ಕೆ ತಕ್ಕಷ್ಟು ನೀರನ್ನು ತಕ್ಕ ಕಾಲದಲ್ಲಿ ಕೊಡುವುದೇ ಯುಕ್ತವು. ಹತ್ತು ಮಡಿಗಳನ್ನು ಅರೆಜೀವದಲ್ಲಿಡುವುದಕ್ಕಿಂತ ಐದನ್ನು ಪೂರ್ಣವಾಗಿ ಬೆಳೆಸುವುದು ಮೇಲು. ಗೋವಿನಜೋಳಕ್ಕೆ ಬದಲು ಮೇವಿನ ಜೋಳವನ್ನು ಬಿತ್ತತಕ್ಕದ್ದು. ಹಿಂಗಾರಿ ಜೋಳದ ಕಣಿಕೆಯನ್ನು ಮಾರಿಬಿಡದೆ ಬಣವೆಯೊಟ್ಟತಕ್ಕದ್ದು. ಕಬ್ಬು ರೊಕ್ಕ ತರುವುದು ನಿಜ. ಆದರೆ ಮೇವಿಲ್ಲದೆ ಅಗ್ಗಕ್ಕೆ ಮಾರಿದ ಎತ್ತನ್ನು ಮುಂದಿನ ಬಿತ್ತಿಗೆಗೆ ಮರಳಿ ಕೊಳ್ಳುವಾಗ ಆ ರೊಕ್ಕವು ಎಲ್ಲಿ ಉಳಿಯುವುದು? ಊರ ಹಿರಿಯರೂ ಜಮೀನುದಾರರೂ ಮುಂಗಾರು ಮುಗಿಯುವ ಮುನ್ನವೇ ಕೂಡಿ ಕುಳಿತು, ಮೇವಿಗೆಂದು ನೀರಿನ ಒಂದು ಪಾಲನ್ನು ಗೊತ್ತುಮಾಡಿದರೆ ಊರಿನ ದನಕರುಗಳು ಉಳಿಯುವುವು.