ಹೆದರಿಕೆ ಇದೆಯಾ ಅಂತ ಒಮ್ಮೆ ಕೇಳಿ

ಹೋದ ವರ್ಷ ನನ್ನ ದವಡೆ ಹಲ್ಲೊಂದು ಹೋಯ್ತು. ಹುಳುಕು ಶುರುವಾದಾಗಲೇ ಹೋಗಿದ್ದರೆ ಒಂದು ಫಿಲ್ಲಿಂಗ್‌ನಲ್ಲಿ ಮುಗೀತಿತ್ತು. ಮೂರು ವರ್ಷ ತಳ್ಳಿದೆ. ದುಡ್ಡಿಲ್ಲ ಅಂತಲ್ಲ, ಟೈಮಿಲ್ಲ ಅಂತಲೂ ಅಲ್ಲ. ಹೆದರಿಕೆ. ಆಫೀಸಲ್ಲಿ ಹನ್ನೆರಡು ಜನರ ಟೀಮ್ ನಡೆಸೋ ನನಗೆ ಆ ಡ್ರಿಲ್ಲಿನ ಸದ್ದು ಕೇಳಿದರೆ ಅಂಗೈ ಬೆವರುತ್ತೆ.

ಕೊನೆಗೆ ಕೆನ್ನೆ ಊದಿಕೊಂಡು ಹೋದಾಗ ಡಾಕ್ಟರ್ ಕೇಳಿದ್ರು, "ಇಷ್ಟು ದಿನ ಏನ್ ಮಾಡ್ತಿದ್ರಿ?" ಭಯ ಸರ್, ಅಂದೆ. ನಕ್ಕರು. "ಚಿಕ್ಕ ಮಕ್ಕಳೇ ಸುಮ್ನೆ ಕೂತ್ಕೋತಾರೆ, ನಿಮಗೇನ್ರಿ?" ನನ್ನ ಜಗಳ ಇರೋದು ಈ ನಗುವಿನ ಜೊತೆ.

ಯಾಕಂದ್ರೆ ಅರಿವಳಿಕೆಯನ್ನು ಜಗತ್ತಿಗೆ ತಂದವರಲ್ಲಿ ಮೊದಲ ಸಾಲಿನವರೇ ಹಲ್ಲಿನ ಡಾಕ್ಟರುಗಳು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಹೊರೇಸ್ ವೆಲ್ಸ್ ಅನ್ನೋ ದಂತವೈದ್ಯ ನೈಟ್ರಸ್ ಆಕ್ಸೈಡ್ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. 1846ರಲ್ಲಿ ಬಾಸ್ಟನ್‌ನಲ್ಲಿ ಎಲ್ಲರೆದುರು ಈಥರ್ ಕೊಟ್ಟು ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ಸರ್ಜನ್‌ಗಳಿಗೆ ಇಂಥ ವರ ಕೊಟ್ಟವರ ವಾರಸುದಾರರು ನಮಗೆ ಹೇಳೋದೇನು? "ಸ್ವಲ್ಪ ತಡ್ಕೊಳ್ಳಿ."

ಇಂಜೆಕ್ಷನ್ ಇದೆಯಲ್ಲ ಅಂತೀರಿ. ಅದು ನೋವಿಗೆ, ಭಯಕ್ಕಲ್ಲ. (ನನ್ನ ಭಯದಲ್ಲಿ ಅರ್ಧ ಪಾಲು ಆ ಸೂಜಿಯದ್ದೇ.) ಭಯಕ್ಕೆ ಬೇರೆ ದಾರಿ ಇದೆ. ಈ ವರ್ಷ ಇನ್ನೊಂದು ಹಲ್ಲಿಗೆ ಬೇರೆ ಕಡೆ ಹೋದೆ. ಮೂಗಿನ ಮೇಲೆ ಪುಟ್ಟ ಮಾಸ್ಕ್ ಇಟ್ಟು ಆಕ್ಸಿಜನ್ ಜೊತೆ ಅದೇ ನೈಟ್ರಸ್ ಆಕ್ಸೈಡ್ ಕೊಟ್ರು. ಎಚ್ಚರ ಇತ್ತು, ಕೇಳಿದ್ದಕ್ಕೆ ಉತ್ತರ ಕೊಡ್ತಿದ್ದೆ, ಆದರೆ ಡ್ರಿಲ್ಲು ಪಕ್ಕದ ಮನೆಯಲ್ಲಿ ಓಡ್ತಿದೆ ಅನ್ನಿಸ್ತಿತ್ತು. ಗ್ಯಾಸ್ ನಿಲ್ಲಿಸಿ ಬರೀ ಆಕ್ಸಿಜನ್ ಕೊಟ್ಟ ಕೆಲವೇ ನಿಮಿಷದಲ್ಲಿ ಎಲ್ಲ ಇಳೀತು. ಇನ್ನೂ ಜಾಸ್ತಿ ಹೆದರುವವರಿಗೆ ಮಿಡಜೋಲಾಮ್ ಥರದ ಔಷಧಿ ರಕ್ತನಾಳಕ್ಕೇ ಕೊಡ್ತಾರೆ. ಅದಕ್ಕೆ ಉಸಿರು, ಬಿಪಿ, ಆಕ್ಸಿಜನ್ ಮಟ್ಟ ನೋಡ್ತಾ ಇರೋಕೆ ತರಬೇತಿ ಆದವರೇ ಬೇಕು, ಮನೆಗೆ ಕರ್ಕೊಂಡು ಹೋಗೋಕೂ ಒಬ್ಬರು ಬೇಕು. ಹುಡುಗಾಟದ ವಿಷಯ ಅಲ್ಲ.

ಹಾಗಾಗಿ ಪ್ರತಿ ಗಲ್ಲಿಯ ಕ್ಲಿನಿಕ್ಕಲ್ಲೂ ಸಿಲಿಂಡರ್ ಇಡಿ ಅಂತ ನಾನು ಹೇಳ್ತಿಲ್ಲ. "ಕೈ ಎತ್ತಿ, ತಕ್ಷಣ ನಿಲ್ಲಿಸ್ತೀನಿ" ಅನ್ನೋ ಒಂದು ಮಾತೇ ಎಷ್ಟೋ ಜನಕ್ಕೆ ಸಾಕು. ಆದರೆ ಹೊಸ ಪೇಷೆಂಟ್ ಫಾರಂನಲ್ಲಿ ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಕೇಳ್ತೀರಲ್ಲ, ಅದರ ಕೆಳಗೆ ಭಯ ಇದೆಯಾ ಅಂತ ಒಂದು ಸಾಲು ಸೇರಿಸೋಕೆ ಏನು ಕಷ್ಟ? ನಾರ್ಮನ್ ಕೋರಾ 1969ರಲ್ಲೇ ಇದನ್ನು ಅಳೆಯೋಕೆ ನಾಲ್ಕೇ ಪ್ರಶ್ನೆ ಮಾಡಿಟ್ಟಿದ್ದಾರೆ. ಹೌದು ಅಂದವರಿಗೆ ದಾರಿ ಏನೇನಿದೆ ಅಂತ ಹೇಳಿ. ನಿಮ್ಮಲ್ಲಿ ಇಲ್ಲದಿದ್ದರೆ ಇರೋ ಕಡೆ ಕಳಿಸಿ.

ನಕ್ಕ ಆ ಕ್ಲಿನಿಕ್ಕಿನಿಂದ ಈಗಲೂ ಆಗಾಗ ಮೆಸೇಜ್ ಬರುತ್ತೆ. ಇಂಪ್ಲಾಂಟ್ ಮೇಲೆ ಹಬ್ಬದ ಆಫರ್ ಇದೆಯಂತೆ.